ಹೃದಯದ ಅಬ್ಲೇಶನ್: ಸುಡಿಸುವುದಾ, ತಣ್ಣಗೆ ಮಾಡಿಸುವುದಾ?

ತಮ್ಮನನ್ನು ಉಡುಪಿಯಿಂದ ಮಣಿಪಾಲಕ್ಕೆ ಕರೆದೊಯ್ಯುವ ಮೊದಲು ಕೇಳಿದ್ದೀರಿ, ಎ.ವಿ. ನೋಡ್ (ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಕರೆಂಟ್ ದಾಟಿಸುವ ಜಾಗ) ಪಕ್ಕದಲ್ಲೇ ಹೆಚ್ಚುವರಿ ಕರೆಂಟ್ ದಾರಿ ಇದ್ದರೆ, ಆ ದಾರಿ ಮುಚ್ಚುವ ಅಬ್ಲೇಶನ್‌ಗೆ ರೇಡಿಯೋ ಫ್ರೀಕ್ವೆನ್ಸಿ (ಬಿಸಿಯಿಂದ ಸುಡುವುದು) ಒಳ್ಳೆಯದಾ, ಕ್ರಯೋ (ತಣ್ಣಗೆ ಮಾಡಿ ಹೆಪ್ಪುಗಟ್ಟಿಸುವುದು) ಒಳ್ಳೆಯದಾ ಅಂತ.

ಹೆಚ್ಚಿನವರಿಗೆ ಮಾಡುವುದು ರೇಡಿಯೋ ಫ್ರೀಕ್ವೆನ್ಸಿಯೇ. ಬಿಸಿ ಸುಮಾರು 50 ಡಿಗ್ರಿ ದಾಟಿದರೆ ಆ ಜಾಗ ಶಾಶ್ವತವಾಗಿ ಸಾಯುತ್ತದೆ. ಮರುಕಳಿಸುವುದೂ ಕಮ್ಮಿ. ಆದರೆ ಬಿಸಿ ನೋಡ್‌ಗೇ ತಾಗಿಬಿಟ್ಟರೆ ಪೇಸ್‌ಮೇಕರ್ ಬೇಕಾಗಬಹುದು, ಅಲ್ವಾ?

ಕ್ರಯೋದ ಲಾಭ ಇಲ್ಲೇ. ಮೊದಲು ಮೈನಸ್ 30 ಡಿಗ್ರಿಯ ಹತ್ತಿರ ತಣ್ಣಗೆ ಮಾಡಿ ನೋಡಬಹುದು, ಇಸಿಜಿಯಲ್ಲಿ ಎಡವಟ್ಟು ಕಂಡರೆ ಅಲ್ಲಿಗೇ ನಿಲ್ಲಿಸಿದರೆ ಸಾಮಾನ್ಯವಾಗಿ ನೋಡ್ ಸರಿಹೋಗುತ್ತದೆ, ತೊಂದರೆ ಇಲ್ಲದಿದ್ದರೆ ಮಾತ್ರ ಮೈನಸ್ 70–80ಕ್ಕೆ ಇಳಿಸಿ ಪಕ್ಕಾ ಮಾಡುತ್ತಾರೆ. ಹೃದಯದೊಳಗೆ ತೂರಿಸಿದ ಸಣ್ಣ ಕೊಳವೆಯ (ಕ್ಯಾತಿಟರ್) ತುದಿ ಹೆಪ್ಪುಗಟ್ಟಿ ಅಂಟಿಕೊಳ್ಳುವುದರಿಂದ ಜಾರುವುದೂ ಇಲ್ಲ. ಮರುಕಳಿಸುವುದು ಮಾತ್ರ ಸ್ವಲ್ಪ ಜಾಸ್ತಿ.

ನೋಡ್‌ಗೆ ಅಷ್ಟು ಹತ್ತಿರ, ಅದೂ ಚಿಕ್ಕ ವಯಸ್ಸು ಅಂದರೆ, ಕ್ರಯೋ ಆಗುತ್ತದಾ ಅಂತ ಡಾಕ್ಟರನ್ನು ಖಂಡಿತ ಕೇಳಿ. ದಾರಿ ದೂರದಲ್ಲಿದ್ದರೆ ಸುಮ್ನೆ ಅದರ ಹಿಂದೆ ಬೀಳಬೇಡಿ.