ಕುದುರೆಮುಖ ಹತ್ತಲು ಯಾವ ತಿಂಗಳು ಒಳ್ಳೆಯದು?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಿಂದ ನಾಲ್ಕು ಜನ ಬರುತ್ತೀರಿ, ಜೊತೆಗೆ ಅರವತ್ತು ದಾಟಿದ ನಿಮ್ಮ ತಂದೆಯೂ ಇದ್ದಾರೆ. ಕುದುರೆಮುಖ ಶಿಖರ ಹತ್ತಬೇಕು. ಕೆಲವರು ಜುಲೈ ಅಂತಾರೆ, ಕೆಲವರು ಜನವರಿ ಅಂತಾರೆ. ಯಾವುದು ಸರಿ?

ಎರಡೂ ಬೇಡ, ನವೆಂಬರ್‌ನಲ್ಲಿ ಬನ್ನಿ. ಸ್ವಾತಿ ಮಳೆ ಮುಗಿದ ಮೇಲೆ, ಅಂದರೆ ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ ಮೊದಲ ವಾರದವರೆಗೆ.

ನಾನು ಕಳಸದ ಕಡೆಯವನು. ಈ ಗುಡ್ಡವನ್ನು ಬೇರೆ ಬೇರೆ ಕಾಲದಲ್ಲಿ ಹತ್ತಿದ್ದೇನೆ. ಎಲ್ಲರೂ ಮಳೆ ನೋಡಿಕೊಂಡು ತಿಂಗಳು ಆರಿಸುತ್ತಾರೆ. ಆದರೆ ಇಲ್ಲಿ ನಿಮ್ಮ ದಿನ ಹೇಗಿರುತ್ತದೆ ಅಂತ ತೀರ್ಮಾನ ಮಾಡುವುದು ಗಾಳಿ.

ಶಿಖರದ ಎತ್ತರ ಸುಮಾರು 1,890 ಮೀಟರ್. ಅದರ ಪಡುವಣ ಮೈ ನೇರ ಕರಾವಳಿಗೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದಿಂದ ಬರುವ ಪಡುಗಾಳಿ ಈ ಗೋಡೆಗೆ ಬಡಿದು ಮೇಲಕ್ಕೆ ನುಗ್ಗುತ್ತದೆ. ಮೇಲೇರಿದಂತೆ ತಣ್ಣಗಾಗಿ ಮಳೆಯಾಗಿ ಸುರಿಯುತ್ತದೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಅದರಲ್ಲಿ ಹೆಚ್ಚಿನ ಪಾಲು ಆ ನಾಲ್ಕು ತಿಂಗಳಲ್ಲೇ.

ನಾನು ಮೊದಲ ಸಲ ಹತ್ತಿದ್ದು ಜುಲೈನಲ್ಲಿ, ಪುನರ್ವಸು ಮಳೆಯ ನಡುವೆ. ಕರೆದುಕೊಂಡು ಹೋದವರು "ಸ್ವಲ್ಪ ಮಳೆ ಇರತ್ತೆ ಅಷ್ಟೇ" ಅಂದಿದ್ದರು. ದಾರಿಯಲ್ಲಿ ಸಿಗುವ ಒಂಟಿಮರ ಅನ್ನುವ ಜಾಗ ದಾಟಿ ಬೋಳು ಏಣಿಗೆ, ಅಂದರೆ ಗುಡ್ಡದ ಬೆನ್ನಿನ ಮೇಲೆ, ಬಂದಾಗ ಗೊತ್ತಾಯಿತು. ಅಲ್ಲಿ ಮಳೆ ಮೇಲಿಂದ ಬೀಳುತ್ತಿರಲಿಲ್ಲ. ಕಣಿವೆಯಿಂದ ಗಾಳಿಯ ಜೊತೆ ಮೇಲಕ್ಕೆ ಬರುತ್ತಿತ್ತು. ರೈನ್‌ಕೋಟ್ ಒಳಗೆ, ಗಲ್ಲದ ಕೆಳಗಿಂದ ನೀರು ನುಗ್ಗಿತು. ಹುಲ್ಲೆಲ್ಲ ಮೂಡಣಕ್ಕೆ ಬಾಗಿ ನೆಲಕ್ಕೆ ಅಂಟಿಕೊಂಡಿತ್ತು. ನಮ್ಮಲ್ಲಿ ತೆಳ್ಳಗಿದ್ದ ಹುಡುಗಿಯೊಬ್ಬಳು ನಿಲ್ಲಲಾಗದೆ ಕೂತುಬಿಟ್ಟಳು. ಗೈಡ್ ಅಣ್ಣ ಒಂದೇ ಮಾತು ಹೇಳಿದರು, "ವಾಪಸ್". ಅವರು ಹೇಳಿದ್ದೇ ಸರಿ. ಮೋಡದಲ್ಲಿ ಹತ್ತು ಹೆಜ್ಜೆ ಮುಂದೆ ಏನೂ ಕಾಣುತ್ತಿರಲಿಲ್ಲ, ಪಕ್ಕದಲ್ಲೇ ಪ್ರಪಾತ.

ಇಳಿಯುವಾಗ ಒಂದು ಶೋಲಾ ಕಾಡಿನೊಳಗೆ, ಅಂದರೆ ಗುಡ್ಡದ ಸಂದಿನ ದಟ್ಟ ಕಾಡಿನೊಳಗೆ, ನಿಂತೆವು. ಎರಡು ಹೆಜ್ಜೆ ಒಳಗಿಟ್ಟ ತಕ್ಷಣ ಗಾಳಿ ನಿಂತೇ ಹೋಯಿತು. ಹೊರಗೆ ಅಷ್ಟು ಅಬ್ಬರ, ಒಳಗೆ ಎಲೆಯಿಂದ ಎಲೆಗೆ ಹನಿ ಬೀಳುವ ಸದ್ದು ಮಾತ್ರ. ಇಲ್ಲಿ ಮರಗಳು ಗುಡ್ಡದ ಸಂದುಗಳಲ್ಲೇ ಯಾಕೆ ಗುಂಪಾಗಿ ನಿಂತಿವೆ, ಏಣಿನ ಮೇಲೆ ಬರೀ ಹುಲ್ಲು ಯಾಕೆ ಅಂತ ಅವತ್ತು ನನಗೆ ಮೈಯಲ್ಲೇ ಅರ್ಥವಾಯಿತು. ಗಾಳಿಗೆ ಮರೆ, ಕಾಲಿಗೆ ಮಣ್ಣು, ಒರತೆಯ ನೀರು ಸಿಗುವ ಕಡೆ ಮರ ಇದೆ. ಉಳಿದದ್ದೆಲ್ಲ ಹುಲ್ಲಿನದು. ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ಒಂದೊಂದು ಕಾಲಿನಲ್ಲೂ ಐದಾರು ಇಂಬಳ (ಜಿಗಣೆ), ರಕ್ತ ಕುಡಿದು ನೇರಳೆ ಹಣ್ಣಿನ ಹಾಗೆ ಉಬ್ಬಿದ್ದವು.

ಹಾಗಂತ ಮಳೆಗಾಲ ಚೆಂದ ಇಲ್ಲ ಅಂತ ಅಲ್ಲ. ಕಳಸ, ಸಂಸೆ ಕಡೆ ಬಂದು ಒಂದು ಮನೆಯ ಜಗುಲಿಯಲ್ಲಿ ಕೂತು ಗುಡ್ಡ ನೋಡಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಹತ್ತಲು ಮಾತ್ರ ಅದು ಕಾಲವಲ್ಲ, ಅದರಲ್ಲೂ ನಿಮ್ಮ ತಂದೆಯವರ ಜೊತೆ.

ಅಕ್ಟೋಬರ್ ನೋಡಲು ಆಸೆ ಹುಟ್ಟಿಸುತ್ತದೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಆದರೆ ಚಿತ್ತಾ, ಸ್ವಾತಿ ಮಳೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆ ಬರುತ್ತದೆ. ಆ ಬೋಳು ಏಣಿನ ಮೇಲೆ ಸುತ್ತಮುತ್ತ ಎಲ್ಲಕ್ಕಿಂತ ಎತ್ತರ ಇರುವುದು ನೀವೇ. ನನಗೆ ಜುಲೈ ಗಾಳಿಗಿಂತ ಅಕ್ಟೋಬರ್ ಸಿಡಿಲಿನ ಭಯ ಜಾಸ್ತಿ.

ಇನ್ನು ನವೆಂಬರ್. ಪಡುಗಾಳಿ ನಿಂತಿರುತ್ತದೆ, ಮೂಡುಗಾಳಿ ಇನ್ನೂ ಜೋರಾಗಿ ಶುರುವಾಗಿರುವುದಿಲ್ಲ. ಈ ನಡುವಿನ ಕೆಲವು ವಾರಗಳೇ ನಿಮಗೆ ಬೇಕಾದವು. ಹಳ್ಳಗಳಲ್ಲಿ ನೀರು ಇನ್ನೂ ಹರಿಯುತ್ತಿರುತ್ತದೆ. ಹುಲ್ಲಿನ ಬುಡ ಹಸಿರು, ತುದಿ ಹೊಂಬಣ್ಣ. ದೂಳು ಇರುವುದಿಲ್ಲ. ತುದಿಯಲ್ಲಿ ಕೂತು ಬುತ್ತಿ ಬಿಚ್ಚಿದರೆ ಪೇಪರ್ ಹಾರಿಹೋಗುವುದಿಲ್ಲ. ನನಗೆ ಅದೇ ಅಳತೆ. ತಿಳಿಯಾದ ದಿನ ಪಡುವಣಕ್ಕೆ ನೋಡಿದರೆ ತುಂಬಾ ದೂರದಲ್ಲಿ ಒಂದು ಹೊಳೆಯುವ ಗೆರೆ ಕಾಣುತ್ತದೆ, ಅದು ಸಮುದ್ರ.

ಡಿಸೆಂಬರ್ ಕೊನೆಗೆ ಮೂಡುಗಾಳಿ ಬಲವಾಗುತ್ತದೆ. ಒಣ ಗಾಳಿ, ಬೆಳಗಿನ ಜಾವ ಕಿವಿ ನೋಯುವಷ್ಟು ಚಳಿ. ರಜೆ ಅಂತ ಜನವೂ ಜಾಸ್ತಿ. ಜನವರಿಯಲ್ಲಿ ಹುಲ್ಲು ಪೂರ್ತಿ ಒಣಗಿರುತ್ತದೆ, ಆ ಗಾಳಿಗೆ ಒಂದು ಕಿಡಿ ಸಾಕು. ಆಮೇಲೆ ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುತ್ತದೆ. ದಯವಿಟ್ಟು ಅದನ್ನು ತೊಂದರೆ ಅಂದುಕೊಳ್ಳಬೇಡಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಈ ಸಾಲಿನಲ್ಲೇ. ಮಳೆ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಬಿಡುವುದು ಇದೇ ಹುಲ್ಲು, ಇದೇ ಶೋಲಾ. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಇಲ್ಲಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಅಷ್ಟು ಹೋರಾಡಿ ಉಳಿಸಿಕೊಂಡ ಕಾಡು ಒಂದು ಬೀಡಿ ತುಂಡಿಗೆ ಸುಟ್ಟುಹೋಗಬಾರದು ಅಲ್ವಾ.

ನಿಮ್ಮ ಮಟ್ಟಿಗೆ ಇನ್ನೆರಡು ಮಾತು. ಇದು ರಾಷ್ಟ್ರೀಯ ಉದ್ಯಾನ, ಅನುಮತಿ ಇಲ್ಲದೆ ಬಿಡುವುದಿಲ್ಲ. ಅರಣ್ಯ ಇಲಾಖೆಯ ವೆಬ್‌ಸೈಟ್‌ನಲ್ಲಿ ಮೊದಲೇ ಬುಕ್ ಮಾಡಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರ ಬೇಗ ತುಂಬುತ್ತದೆ. ಮಂಗಳವಾರ, ಬುಧವಾರ ಬಂದರೆ ಗುಡ್ಡದ ಸದ್ದು ಕೇಳಿಸುತ್ತದೆ. ಮೇಲೆ ಟೆಂಟ್ ಹಾಕುವ ಹಾಗಿಲ್ಲ. ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಮೇಲಾಗುತ್ತದೆ, ಹಾಗಾಗಿ ಚಾರಣ ಶುರುವಾಗುವ ಮುಳ್ಳೋಡಿಯ ಹತ್ತಿರದ ಹೋಮ್‌ಸ್ಟೇಯಲ್ಲಿ ಹಿಂದಿನ ರಾತ್ರಿ ಉಳಿದು, ಬೆಳಿಗ್ಗೆ ಒಳಗೆ ಬಿಡುವ ಹೊತ್ತಿಗೆ ಸರಿಯಾಗಿ ಹೊರಡಿ.

ತಂದೆಯವರು ದಿನಾ ನಡೆಯುವವರಾದರೆ ಧೈರ್ಯವಾಗಿ ಕರೆದುಕೊಂಡು ಬನ್ನಿ. ಪೂರ್ತಿ ಆಗದಿದ್ದರೆ ಒಂಟಿಮರದವರೆಗೆ ಬರಲಿ. ಅಲ್ಲಿಂದಲೇ ಗುಡ್ಡಗಳ ಸಾಲು ಚೆನ್ನಾಗಿ ಕಾಣುತ್ತದೆ. ಆದರೆ ಅವರೊಬ್ಬರನ್ನೇ ಕೂರಿಸಿ ಉಳಿದವರು ಮೇಲೆ ಹೋಗಬೇಡಿ. ಯಾರಾದರೂ ಒಬ್ಬರು ಜೊತೆಗಿರಿ. ಒಂದು ಫ್ಲಾಸ್ಕ್ ಕಾಫಿ, ಎರಡು ಟೊಪ್ಪಿ ಇಟ್ಟುಕೊಳ್ಳಿ. ಏಣಿನ ಮೇಲೆ ಸುಮ್ನೆ ಕೂತರೆ ನವೆಂಬರ್‌ನಲ್ಲೂ ಅರ್ಧ ಗಂಟೆಗೆ ಚಳಿ ಹಿಡಿಯುತ್ತದೆ.