ಕುಡಿತ ಬಿಡಿಸಲು ಚೆನ್ನೈನ ಟಿಟಿಕೆ ಆಸ್ಪತ್ರೆಯಲ್ಲಿ ಒಂದು ತಿಂಗಳು ಯಾಕೆ ಬೇಕು? ಅಪ್ಪನಿಗೆ ಹತ್ತು ದಿನ ಸಾಲದೇ?

ಹತ್ತು ದಿನದ ಲೆಕ್ಕ ಹಾಕಿದವರೇ ನಾವೂ. ಅಣ್ಣನನ್ನು (ಬೇರೊಂದು ಆಸ್ಪತ್ರೆ, ಹೆಸರು ಬೇಡ) ಎಂಟನೇ ದಿನಕ್ಕೇ ಮನೆಗೆ ಕರೆದುಕೊಂಡು ಬಂದೆವು. ಇನ್ನೂ ಮೂರು ವಾರ ಇರಲಿ ಅಂತ ಡಾಕ್ಟರು ಹೇಳಿದ್ದರು. ನಾವೇ ಹಟ ಮಾಡಿ ಸಹಿ ಹಾಕಿದ್ದು.

ಆ ಎಂಟನೇ ದಿನ ಹೇಗೆ ಮೋಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ಎಡವುತ್ತೀರಿ. ಕೊನೆಯ ಗುಟುಕು ಇಳಿದ ಆರೆಂಟು ಗಂಟೆಗೆ ಕೈ ನಡುಕ, ಬೆವರು ಶುರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿ ಭ್ರಮಣೆ: ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಹೊದಿಕೆ ಕೀಳುವುದು. ಇದು ಜೀವಕ್ಕೇ ಅಪಾಯ. ಇದನ್ನು ತಡೆಯಲು ಕ್ಲೋರ್‌ಡಯಾಜೆಪಾಕ್ಸೈಡ್ (ಲಿವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಲೋರಾಜೆಪಾಮ್) ಎಂಬ, ನರಗಳನ್ನು ಶಾಂತಗೊಳಿಸಿ ನಿದ್ದೆ ಬರಿಸುವ ಮಾತ್ರೆ ಕೊಟ್ಟು, ಸುಮಾರು ಒಂದು ವಾರದಲ್ಲಿ ಡೋಸ್ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಎರಡನೇ ದಿನ ಅಣ್ಣನ ಸ್ಟೀಲ್ ಲೋಟ ಹಲ್ಲಿಗೆ ತಾಗಿ ಟಕಟಕ ಅನ್ನುತ್ತಿತ್ತು. ಏಳನೇ ದಿನ ಅದೇ ಕೈ ಒಂದು ಹನಿ ಚೆಲ್ಲದೆ ಕಾಫಿ ಕುಡಿಯಿತು. ಹೊಟ್ಟೆ ತುಂಬ ಉಂಡ, ಗೊರಕೆ ಹೊಡೆದ. ಸರಿಹೋದ ಅಂದುಕೊಂಡೆವು. ಆ ನಿದ್ದೆ ಮಾತ್ರೆಯದಾಗಿತ್ತು. ಮಾತ್ರೆ ನಿಂತ ದಿನವೇ ಮನೆಗೆ ತಂದೆವು, ಅಂದರೆ ಮಾತ್ರೆಯಿಲ್ಲದ ಮೊದಲ ರಾತ್ರಿ ಅವನು ಕಳೆದದ್ದು ನರ್ಸ್ ಇಲ್ಲದ ನಮ್ಮ ಮನೆಯಲ್ಲಿ. ಕುಡಿತ ಬಿಟ್ಟವರಿಗೆ ನಿದ್ದೆ ಸರಿಯಾಗಲು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಬೇಕು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಮೂರು ಗಂಟೆಗೆ ಹಜಾರದಲ್ಲಿ ಓಡಾಡುತ್ತಿದ್ದವನಿಗೆ 'ಇನ್ನೇನು ಕಡಿಮೆಯಾಗಿದೆ ನಿನಗೆ' ಅಂತ ರೇಗಿದ್ದೂ ನಾವೇ. ಹತ್ತೊಂಬತ್ತನೇ ದಿನ ಮತ್ತೆ ಬಾಟಲಿ ಬಂತು.

ಮೈಯಿಂದ ಹೆಂಡ ಇಳಿಸುವುದಕ್ಕೆ ಒಂದು ವಾರ ಸಾಕು, ನಿಮ್ಮ ಲೆಕ್ಕ ತಪ್ಪಲ್ಲ. ಆದರೆ ಅದನ್ನು ಚಿಕಿತ್ಸೆ ಅಂದುಕೊಂಡದ್ದು ತಪ್ಪು. ನೀವು ಕೇಳಿದ ಆಸ್ಪತ್ರೆಯ ಹುಟ್ಟಿನಲ್ಲೇ ಇದಕ್ಕೆ ಉತ್ತರ ಇದೆ. ಟಿಟಿಕೆ ಅಂದರೆ ಟಿ.ಟಿ. ಕೃಷ್ಣಮಾಚಾರಿ, ಕೇಂದ್ರದಲ್ಲಿ ಹಣಕಾಸು ಸಚಿವರಾಗಿದ್ದವರ ಮನೆತನ ಅದು. ನಮ್ಮ ಅಡುಗೆಮನೆಯ ಪ್ರೆಸ್ಟೀಜ್ ಕುಕ್ಕರ್ ಕೂಡ ಅವರದೇ. ಅವರ ಮೊಮ್ಮಗ ಟಿ.ಟಿ. ರಂಗನಾಥನ್ ಕುಡಿತದಿಂದ 1979ರಲ್ಲಿ ತೀರಿಕೊಂಡಾಗ ವಯಸ್ಸು 33. ದುಡ್ಡಿಗೆ ಕೊರತೆ ಇಲ್ಲದ ಮನೆ. ಹೆಂಡತಿ ಶಾಂತಿ ರಂಗನಾಥನ್ ಅಮೆರಿಕದ ಮಿನೆಸೋಟಾದಲ್ಲಿರುವ ಹೇಝಲ್ಡೆನ್ ಎಂಬ ವ್ಯಸನಮುಕ್ತಿ ಕೇಂದ್ರದಲ್ಲಿ ತರಬೇತಿ ಪಡೆದು, 1980ರಲ್ಲಿ ಗಂಡನ ಹೆಸರಲ್ಲೇ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಕಟ್ಟಿದರು. ಅಡ್ಯಾರ್ ಬಳಿಯ ಇಂದಿರಾನಗರದ ಟಿಟಿಕೆ ಆಸ್ಪತ್ರೆ ಅದರದ್ದೇ. ಆಗ ತಮಿಳುನಾಡಿನಲ್ಲಿ ಹೆಸರಿಗೆ ಪಾನನಿಷೇಧ ಇತ್ತು!

ಹೇಝಲ್ಡೆನ್ ಪದ್ಧತಿಯಲ್ಲಿ ಮೈ ತಿಳಿಯಾದ ಮೇಲೆಯೇ ನಿಜವಾದ ಕೆಲಸ: ಗುಂಪು ಚರ್ಚೆ, ಕೌನ್ಸೆಲಿಂಗ್, ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿನ 12 ಹೆಜ್ಜೆ. ಶಾಂತಿಯವರು ಅದರ ಜೊತೆಗೆ ಮನೆಯವರನ್ನೂ ಚಿಕಿತ್ಸೆಯೊಳಗೆ ತಂದರು. ರೋಗಿಗೆ ಸುಮಾರು ಒಂದು ತಿಂಗಳು, ಕುಟುಂಬಕ್ಕೆ ಎರಡು ವಾರ. ಆಮೇಲೆ ವರ್ಷಗಟ್ಟಲೆ ಫಾಲೋ ಅಪ್. 1989ರಿಂದ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಶಿಬಿರಗಳನ್ನೂ ನಡೆಸಿದರು. ಪದ್ಮಶ್ರೀ 1992ರಲ್ಲಿ ಬಂತು.

'ಬಿಡಿಸುವುದು' ಅನ್ನುವ ಮಾತೇ ನನಗೆ ಹಿಡಿಸುವುದಿಲ್ಲ, ಹಲ್ಲು ಕೀಳಿಸಿದಷ್ಟು ಸುಲಭ ಅನ್ನಿಸಿಬಿಡುತ್ತದೆ. ಶುಗರ್, ಬಿಪಿ ಇದ್ದ ಹಾಗೆ ನೋಡಿ, ಗಮನ ಇಡುತ್ತಲೇ ಇರಬೇಕು.

ಆಸ್ಪತ್ರೆ ಸೇರಿಸುವ ತನಕ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಬೆಳಿಗ್ಗೆ ಎದ್ದಕೂಡಲೇ ಕೈ ನಡುಗುತ್ತದೆ, ಹಿಂದೆ ಒಮ್ಮೆ ಫಿಟ್ಸ್ ಬಂದಿದೆ ಅನ್ನುವವರಿಗಂತೂ ಬೇಡವೇ ಬೇಡ. ಸುಸ್ತಾಗಿದ್ದಾರೆ ಅಂತ ಊರಿನ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಏರಿಸುವ ಮುನ್ನ 'ಥಯಮಿನ್ ಇಂಜೆಕ್ಷನ್ ಕೊಟ್ಟಿರಾ' ಅಂತ ಕೇಳಿ. ಕುಡುಕರ ಮೈಯಲ್ಲಿ ಈ ಬಿ1 ವಿಟಮಿನ್ ಮೊದಲೇ ಖಾಲಿಯಾಗಿರುತ್ತದೆ. ಗ್ಲೂಕೋಸ್ ಕರಗಿಸಲು ಉಳಿದದ್ದೂ ಹೋಗಿ ಕಣ್ಣಾಲಿ ಅದುರುವುದು, ನಡಿಗೆ ತಪ್ಪುವುದು, ಮರೆವು ಅಂಟಿಕೊಳ್ಳಬಹುದು. ಸಾರಿನಲ್ಲಿ ಬೆರೆಸಿಕೊಡುವ 'ಗೊತ್ತಾಗದ ಪುಡಿ'ಯ ಜಾಹೀರಾತು ನಂಬಬೇಡಿ. ಡೈಸಲ್ಫಿರಾಮ್ ಮಾತ್ರೆಯನ್ನು (ಇದನ್ನು ತೆಗೆದುಕೊಂಡು ಕುಡಿದರೆ ಮೈಗೆ ಒಗ್ಗುವುದಿಲ್ಲ) ಹಾಗೆ ಕದ್ದು ಕೊಟ್ಟರೆ, ತಿಳಿಯದೆ ಕುಡಿದವರ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಆ ಅಪಾಯ ಇರುತ್ತದೆ.

ಯಾವ ಆಸ್ಪತ್ರೆಗೆ ಫೋನ್ ಮಾಡಿದರೂ 'ಎಷ್ಟು ದಿನ' ಅನ್ನುವ ಮೊದಲು 'ಮನೆಯವರಿಗೆ ಏನಿದೆ' ಅಂತ ಕೇಳಿ. ಮನೆಯವರು ಬರಬೇಕಿಲ್ಲ, ನಾವೇ ನೋಡಿಕೊಳ್ಳುತ್ತೇವೆ ಅಂದರೆ ಆ ಜಾಗ ಬಿಟ್ಟುಬಿಡಿ. ಅಪ್ಪನಿಗೆ ತಿಂಗಳ ರಜೆ ಬರೆಯುವಾಗ ನಿಮ್ಮದೂ ಎರಡು ವಾರದ ರಜೆ ಹಾಕಿ, ಅಮ್ಮನನ್ನೂ ಕರೆದುಕೊಂಡು ಹೋಗಿ.