ಒಂದೇ ಊಟಕ್ಕೆ ಇಷ್ಟೊಂದು ಮಂದಿ ಹೇಗೆ?

ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ: 'ಒಂದೇ ಆಹಾರಕ್ಕೆ ಇಬ್ಬರು ಬಿದ್ದರೆ ಒಬ್ಬನೇ ಉಳಿಯುತ್ತಾನೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿರಿ. ಹಾಗಾದ್ರೆ ಇಡ್ಲಿ ಹಿಟ್ಟಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಇರಬೇಕಿತ್ತು, ಅಲ್ವಾ? ಹುಳಿ ಬಂದ ಹಿಟ್ಟನ್ನು ಕಲಸಬೇಡಿ ಅಂತ ಹೆಂಡತಿ ಬೈಯುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?'

ನಾವು ಅರ್ಧ ಕಥೆ ಹೇಳಿ ಕೈತೊಳೆದುಕೊಂಡಿದ್ದೆವು, ತಪ್ಪು ನಮ್ಮದೇ. 1930ರ ದಶಕದಲ್ಲಿ ಗಾಸ್ ಎಂಬ ರಷ್ಯದ ವಿಜ್ಞಾನಿ ಎರಡು ಜಾತಿಯ ಪ್ಯಾರಾಮೀಸಿಯಂಗಳನ್ನು (ಒಂದೇ ಕೋಶದ ಸೂಕ್ಷ್ಮಜೀವಿಗಳು) ಒಟ್ಟಿಗೆ ಬೆಳೆಸಿದಾಗ ಒಂದು ಅಳಿದುಹೋಗಿದ್ದು ನಿಜ. ಆದರೆ ಗೆದ್ದವನು ಉಂಡೆದ್ದ ಮೇಲೆ ಎಲೆಯಲ್ಲಿ ಏನೋ ಬಿಟ್ಟಿರುತ್ತಾನಲ್ಲ, ಅದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಮೆರಿಕದ ವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ 12 ಫ್ಲಾಸ್ಕ್‌ಗಳಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬೆಳೆಸಲು ಶುರು ಮಾಡಿದರು. ತಿನ್ನಲು ಚೂರೇ ಚೂರು ಗ್ಲೂಕೋಸ್. ದಿನಾ ನೂರರಲ್ಲಿ ಒಂದು ಪಾಲನ್ನು ಹೊಸ ಫ್ಲಾಸ್ಕ್‌ಗೆ ಹಾಕುವುದು, ಅಷ್ಟೇ ಕೆಲಸ. ಒಂದು ಫ್ಲಾಸ್ಕ್‌ನಲ್ಲಿ ಸುಮಾರು 6,000 ತಲೆಮಾರು ಕಳೆಯುವ ಹೊತ್ತಿಗೆ ಮನೆ ಎರಡಾಗಿತ್ತು, ಒಂದೇ ಬ್ಯಾಕ್ಟೀರಿಯಾದಿಂದ ಎರಡು ಬಗೆ ಹುಟ್ಟಿದ್ದವು. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದರೆ ಒಂದರ ಗುಂಪು ಮೂಡಿಸುವ ಚುಕ್ಕಿ ದೊಡ್ಡದು, ಇನ್ನೊಂದರದ್ದು ಸಣ್ಣದು. ದೊಡ್ಡದು ಗ್ಲೂಕೋಸನ್ನು ಗಬಗಬ ತಿಂದು ಅಸಿಟೇಟ್ ಎಂಬ ತ್ಯಾಜ್ಯವನ್ನು ಹೊರಗೆ ಚೆಲ್ಲುತ್ತದೆ, ಸಣ್ಣದು ಆ ಎಂಜಲನ್ನು ಬಳಸುವುದರಲ್ಲಿ ನಿಸ್ಸೀಮ. ಸಣ್ಣವರು ಕಡಿಮೆಯಾದಷ್ಟೂ ತಲಾ ಸಿಗುವ ಪಾಲು ಜಾಸ್ತಿ, ಹಾಗಾಗಿ ಮತ್ತೆ ಹೆಚ್ಚುತ್ತಾರೆ. ತೀರಾ ಹೆಚ್ಚಾದರೆ ಎಂಜಲು ಸಾಲುವುದಿಲ್ಲ. ಹೀಗೆ ಸಾವಿರಾರು ತಲೆಮಾರು ಇಬ್ಬರೂ ಬಾಳಿದ್ದಾರೆ. ಹೀಗೇ ಮಲ್ಪೆ ಬಂದರಿನಲ್ಲಿ ಅಂಜಲ್, ಬಂಗುಡೆ ಏಲಂ ಆದ ಮೇಲೆ ಉಳಿದ ಚಿಲ್ಲರೆ ಮೀನು ಫಿಶ್‌ಮೀಲ್‌ಗೆ ಹೋಗುವುದನ್ನು ನೀವು ನೋಡಿರುತ್ತೀರಿ.

ಇಡ್ಲಿ ಹಿಟ್ಟಿನಲ್ಲಿ ಸರದಿಯ ಆಟವೂ ಇದೆ. ಮೊದಲು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಜೋರಾಗಿ ಬೆಳೆದು ಗಾಳಿ ತುಂಬಿಸುತ್ತದೆ (ನಮ್ಮ ಮಂಗಳೂರಿನ ಸೆಖೆಗೆ ಬೆಳಿಗ್ಗೆ ಹಿಟ್ಟು ಪಾತ್ರೆ ದಾಟಿ ಕಟ್ಟೆ ಮೇಲಿರುತ್ತದೆ), ಹುಳಿ ಏರಿದಂತೆ ಹುಳಿ ತಡೆಯಬಲ್ಲ ಪೀಡಿಯೋಕಾಕಸ್‌ನಂಥವು ಮೇಲುಗೈ ಪಡೆಯುತ್ತವೆ.

ಇನ್ನು ಕಲಸುವ ವಿಷಯ. 1998ರಲ್ಲಿ ರೈನಿ ಮತ್ತು ಟ್ರಾವಿಸಾನೊ ಎಂಬ ವಿಜ್ಞಾನಿಗಳು ಒಂದೇ ಬಗೆಯ ಬ್ಯಾಕ್ಟೀರಿಯಾ ಸೂಡೋಮೊನಾಸ್‌ನಿಂದ ಶುರು ಮಾಡಿ ಸೀಸೆಗಳನ್ನು ಸುಮ್ನೆ ಇಟ್ಟರು. ಕೆಲವೇ ದಿನಗಳಲ್ಲಿ ಮೂರು ಬಗೆ ಕಂಡವು: ಒಂದು ದ್ರವದೊಳಗೆ, ಒಂದು ಆಮ್ಲಜನಕ ಸಿಗುವ ಮೇಲ್ಮೈಯಲ್ಲಿ ಚಾಪೆಯ ಹಾಗೆ, ಇನ್ನೊಂದು ತಳದಲ್ಲಿ. ಕುಲುಕುತ್ತಾ ಇಟ್ಟ ಸೀಸೆಯಲ್ಲಿ ಮೇಲೂ ಇಲ್ಲ, ತಳವೂ ಇಲ್ಲ, ಅಲ್ಲಿ ಈ ಬಗೆಗಳು ನೆಲೆಯೂರಲಿಲ್ಲ.

ನಿಮ್ಮ ಮನೆಯವರು ಬೈಯುವುದು ಮಾತ್ರ ಬೇರೆ ಕಾರಣಕ್ಕೆ. ಕಲಸಿದರೆ ಹಿಟ್ಟು ಹಿಡಿದಿಟ್ಟ ಗಾಳಿ ಹೋಗಿ ಇಡ್ಲಿ ಕಲ್ಲಾಗುತ್ತದೆ.